ಧೂಳು ಹೀರುವ ಫ್ಯಾನಿನ ಕಥೆ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ, ಸುಮಾರು ಮೂವತ್ತು ವರ್ಷಗಳ ಹಿಂದೆ ನನ್ನಲ್ಲಿ ಹತ್ತನೆಯ ತರಗತಿ ಓದಿದ ಶಿಷ್ಯನೊಬ್ಬ ದೂರವಾಣಿ ಮಾಡಿದ. "ಸಾರ್, ಬಿಡುವಿದ್ದರೆ ವರ್ಕ್‌ಶಾಪಿನ ಕಡೆ ಬನ್ನಿ. ಧೂಳು ಹೀರುವ ಮೆಷಿನ್ನಿಗೆ ಮೋಟಾರು, ಫ್ಯಾನು ಎರಡನ್ನೂ ಬದಲಾಯಿಸುತ್ತಿದ್ದೇವೆ. ಇಂಥದ್ದನ್ನೆಲ್ಲ ನಿಂತು ನೋಡುವ ಚಟ ನಿಮಗಿದೆಯಲ್ಲ" ಎಂದ. ಚಟವೆಂದು ಅವನು ಹೇಳಿದ್ದು ಸರಿಯೇ. ನಿವೃತ್ತಿಯಾದ ಮೇಲೆ ಅದು ಇನ್ನಷ್ಟು ಬಲಿತಿದೆ ಎಂದು ನನ್ನ ಮನೆಯವರ ದೂರು.

ಈ ಹುಡುಗ (ಈಗ ಅವನ ತಲೆಯೂ ನರೆತಿದೆ, ಆದರೂ ನನ್ನ ಬಾಯಲ್ಲಿ ಹುಡುಗನೇ) ನಮ್ಮ ಶಾಲೆಯ ಬೆಂಚುಗಳನ್ನು ರಿಪೇರಿ ಮಾಡುತ್ತಿದ್ದ ಬಡಗಿಯ ಮಗ. ತರಗತಿಯಲ್ಲಿ ಕಡೆಯ ಬೆಂಚು. ಇತಿಹಾಸದಲ್ಲಿ ಮೂವತ್ತೈದು ಅಂಕ ದಾಟಿದ್ದೇ ಅವನ ದೊಡ್ಡ ಸಾಧನೆ. ಈಗ ಆರು ಜನರನ್ನು ಇಟ್ಟುಕೊಂಡು ಬಾಗಿಲು, ಕಿಟಕಿ, ಅಡುಗೆಮನೆಯ ಕಪಾಟು ಮಾಡಿಕೊಡುವ ಕಾರ್ಖಾನೆ ನಡೆಸುತ್ತಿದ್ದಾನೆ.

ನೋಡಿರದವರಿಗಾಗಿ ಆ ಯಂತ್ರದ ಬಗ್ಗೆ ಎರಡು ಮಾತು. ಗರಗಸದ ಯಂತ್ರ, ರಂದ ಹೊಡೆಯುವ ಯಂತ್ರ, ಉಜ್ಜುವ ಯಂತ್ರ, ಇವೆಲ್ಲದರ ಬಾಯಿಗೂ ಒಂದೊಂದು ಕೊಳವೆ ಕಟ್ಟಿರುತ್ತದೆ. ಕೊಳವೆಗಳೆಲ್ಲ ಒಂದಾಗಿ ಒಂದು ತಗಡಿನ ಡಬ್ಬಿಗೆ ಬರುತ್ತವೆ. ಡಬ್ಬಿಯೊಳಗೆ, ಮೋಟಾರಿನ ದಂಡಕ್ಕೇ ನೇರವಾಗಿ ಕೂರಿಸಿದ ಕಬ್ಬಿಣದ ಅಲಗುಗಳ ಚಕ್ರ. ಅದು ನಿಮಿಷಕ್ಕೆ 2880 ಸುತ್ತು ತಿರುಗಿ ಧೂಳು, ಹೊಟ್ಟು ಎಲ್ಲವನ್ನೂ ಎಳೆದು ಆಚೆ ಬದಿಯ ಚೀಲಗಳಿಗೆ ತಳ್ಳುತ್ತದೆ. ಮೇಲಿನ ಬಟ್ಟೆಯ ಚೀಲದಿಂದ ಗಾಳಿ ಸೋಸಿ ಹೊರಹೋಗುತ್ತದೆ, ಕೆಳಗಿನ ಚೀಲದಲ್ಲಿ ಹೊಟ್ಟು ಕೂರುತ್ತದೆ. ಅಷ್ಟೇ. ಆದರೆ ಈ ಯಂತ್ರದ ವಿಶೇಷವೇನೆಂದರೆ, ಕಾರ್ಖಾನೆಯಲ್ಲಿ ಒಂದು ಕಾಸನ್ನೂ ದುಡಿಯದ ಯಂತ್ರ ಇದೊಂದೇ. ಗರಗಸ ಕೆಟ್ಟರೆ ಅಂದೇ ರಿಪೇರಿಯವನು ಬರುತ್ತಾನೆ. ಇದು ಕೆಟ್ಟರೆ ಕಿಟಕಿ ತೆರೆದಿಟ್ಟುಕೊಂಡು ಕೆಲಸ ನಡೆಯುತ್ತದೆ. ಇವನಲ್ಲಿಯೂ ಎರಡು ತಿಂಗಳು ಹಾಗೆಯೇ ನಡೆದಿತ್ತಂತೆ.

ನಾನು ಹೋದಾಗ ಹಳೆಯ ಮೋಟಾರು ನೆಲದ ಮೇಲಿತ್ತು. ಸುಟ್ಟ ವಾರ್ನಿಷಿನ ವಾಸನೆ ಇನ್ನೂ ಹೋಗಿರಲಿಲ್ಲ. ಹೊಸದು ಇನ್ನೂ ರಟ್ಟಿನ ಪೆಟ್ಟಿಗೆಯಲ್ಲಿತ್ತು. ಒಬ್ಬ ಕೆಲಸಗಾರ ಫ್ಯಾನಿನ ಚಕ್ರಕ್ಕೆ ಪುಲ್ಲರ್ ಹಾಕಿ ಎಳೆಯುತ್ತಿದ್ದ. ತುಕ್ಕು ಹಿಡಿದ ಚಕ್ರ ದಂಡವನ್ನು ಬಿಟ್ಟು ಅಲುಗಾಡಲಿಲ್ಲ. ಸೀಮೆಎಣ್ಣೆ ಬಿಟ್ಟು ಕಾಯಬೇಕಾಯಿತು. ಕಾಯುವ ಹೊತ್ತಿನಲ್ಲಿ ಚಹಾ ಬಂತು, ಚಹಾದ ಜೊತೆಗೆ ಮೇಷ್ಟ್ರ ಪಾಠವೂ ಶುರುವಾಯಿತು. ಅಂದು ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಕೈಗಾರಿಕಾ ಕ್ರಾಂತಿಯ ಪಾಠವನ್ನು ನನ್ನಿಂದ ಕೇಳಿದವರಿಗೆ ಹಾರ್‌ಗ್ರೀವ್ಸ್, ಕ್ರಾಂಪ್ಟನ್, ಕಾರ್ಟ್‌ರೈಟ್, ಜೇಮ್ಸ್ ವ್ಯಾಟ್ ಎಂಬ ಹೆಸರುಗಳು ನೆನಪಿರಬಹುದು. ಯಾರು ಏನನ್ನು ಕಂಡುಹಿಡಿದರು ಎಂದು ಹೊಂದಿಸಿ ಬರೆಯಿರಿ, ನಾಲ್ಕು ಅಂಕ. ಇಂಗ್ಲೆಂಡಿನ ಶೆಫೀಲ್ಡ್ ಎಂಬ ಊರಿನ ಸಾಣೆಗಾರರ ಬಗ್ಗೆ ನಾನು ಎಂದೂ ಹೇಳಲಿಲ್ಲ. ಪಠ್ಯದಲ್ಲಿ ಇರಲಿಲ್ಲ ಎಂಬುದು ನಿಜ, ನನಗೇ ಗೊತ್ತಿರಲಿಲ್ಲ ಎಂಬುದು ಇನ್ನೂ ದೊಡ್ಡ ನಿಜ.

ಶೆಫೀಲ್ಡ್ ಚಾಕು, ಕತ್ತರಿ, ಕ್ಷೌರದ ಕತ್ತಿ, ಫೋರ್ಕುಗಳಿಗೆ ಜಗತ್ಪ್ರಸಿದ್ಧವಾದ ಊರು. ಆ ಉಕ್ಕಿಗೆ ಹರಿತ ಕೊಡುತ್ತಿದ್ದವರು ಸಾಣೆಗಾರರು. ಮರಳುಗಲ್ಲಿನ ದೊಡ್ಡ ಸಾಣೆಚಕ್ರದ ಹಿಂದೆ, ಕುದುರೆಯ ಮೇಲೆ ಕುಳಿತಂತೆ ಕಾಲು ಇಳಿಬಿಟ್ಟು, ಮುಖವನ್ನು ಕಲ್ಲಿನ ಮೇಲೆ ಬಾಗಿಸಿ ಕೆಲಸ ಮಾಡಬೇಕು. ಚಾಕುಗಳನ್ನು ನೀರು ಹಾಕಿ ಸಾಣೆ ಹಿಡಿಯುತ್ತಿದ್ದರು, ಅದಕ್ಕೆ ಧೂಳು ಕಡಿಮೆ. ಫೋರ್ಕುಗಳನ್ನು ಒಣಕಲ್ಲಿನ ಮೇಲೆಯೇ ಹಿಡಿಯಬೇಕು. ಉಕ್ಕಿನ ಕಿಡಿ ಕಣ್ಣಿಗೆ ಕಾಣುತ್ತದೆ, ಕಲ್ಲಿನ ಪುಡಿ ಕಾಣುವುದಿಲ್ಲ, ನೇರ ಎದೆಯೊಳಕ್ಕೆ ಇಳಿಯುತ್ತದೆ.

ಮೊದಲು ಈ ಸಾಣೆಮನೆಗಳು ಊರಹೊರಗೆ ಹೊಳೆಗಳ ದಡದಲ್ಲಿ, ನೀರಿನ ಚಕ್ರದ ಆಶ್ರಯದಲ್ಲಿದ್ದವು. ನಾಲ್ಕಾರು ಜನ, ಗಾಳಿಯಾಡುವ ಕಟ್ಟಡ. ಹೊಳೆ ಬತ್ತಿದರೆ ಕೆಲಸವಿಲ್ಲ, ಆಗ ಹೊಲದ ಕೆಲಸ. ಉಗಿಯಂತ್ರ ಬಂದಮೇಲೆ ಸಾಣೆಮನೆ ಊರೊಳಗೆ ಬಂತು. ಇಕ್ಕಟ್ಟಾದ ಕೋಣೆ, ಸಾಲುಸಾಲು ಕಲ್ಲುಗಳು, ವರ್ಷವಿಡೀ ಬಿಡುವಿಲ್ಲದ ಕೆಲಸ. ಹಳೆಯ ಕಸುಬು ಹೊಸ ರೋಗವಾಗಿದ್ದು ಹೀಗೆ. ಉಗಿಯಂತ್ರ ಮನುಷ್ಯನ ಶ್ರಮವನ್ನು ಇಳಿಸಿತು ಎಂದು ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿಲ್ಲ!

ಶೆಫೀಲ್ಡಿನ ವೈದ್ಯ ಆರ್ನಾಲ್ಡ್ ನೈಟ್ 1830ರ ಸುಮಾರಿಗೆ ಈ ಜನರ ಲೆಕ್ಕವನ್ನು ಬರೆದಿಟ್ಟ. ಊರಿನಲ್ಲಿ ಒಟ್ಟು 2,500 ಸಾಣೆಗಾರರು. ಅವರಲ್ಲಿ ಫೋರ್ಕು ಹಿಡಿಯುವವರು 150, ಅಂದರೆ ಗಂಡಸರು 80, ಹುಡುಗರು 70. ಈ ಫೋರ್ಕಿನವರು ಸಾಯುತ್ತಿದ್ದುದು 28ರಿಂದ 32ನೆಯ ವಯಸ್ಸಿನೊಳಗೆ. ಕ್ಷೌರದ ಕತ್ತಿಯವರು 40ರಿಂದ 45ರೊಳಗೆ. ನೀರು ಹಾಕಿ ಚಾಕು ಹಿಡಿಯುವವರು 40ರಿಂದ 50ರೊಳಗೆ. ಹತ್ತನೆಯ ತರಗತಿ ಮುಗಿಸಿದ ಹುಡುಗನೊಬ್ಬ ಈ ಕಸುಬಿಗೆ ಸೇರಿದ್ದರೆ ಅವನಿಗೆ ಇನ್ನು ಹದಿನೈದು ವರ್ಷದ ಆಯುಸ್ಸು ಎಂದು ನಾನು ಆ ಕೆಲಸಗಾರರಿಗೆ ಲೆಕ್ಕ ಹಾಕಿ ಹೇಳಿದಾಗ, ಪುಲ್ಲರ್ ಹಿಡಿದಿದ್ದವನು ಒಂದು ಕ್ಷಣ ಕೈ ನಿಲ್ಲಿಸಿದ.

ನೈಟನ ಈ ಅಂಕಿಗಳನ್ನು ಫ್ರೆಡರಿಕ್ ಏಂಗೆಲ್ಸ್ ಇಂಗ್ಲೆಂಡಿನ ಕಾರ್ಮಿಕರ ಸ್ಥಿತಿಯನ್ನು ಕುರಿತು 1845ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಎತ್ತಿ ಕೊಟ್ಟಿದ್ದಾನೆ. ಅಲ್ಲೊಂದು ವಿಚಿತ್ರವಾದ ಸಂಗತಿಯಿದೆ. ಸಾಣೆಗಾರರಲ್ಲಿ ಮಹಾ ಕುಡುಕರೇ ಹೆಚ್ಚು ಕಾಲ ಬದುಕುತ್ತಿದ್ದರಂತೆ! ಕಾರಣ, ಕುಡಿದು ಮಲಗಿದ ದಿನ ಅವರು ಕೆಲಸಕ್ಕೆ ಹೋಗುತ್ತಿರಲಿಲ್ಲ. ಹೆಂಡವಲ್ಲ, ಗೈರುಹಾಜರಿ ಅವರನ್ನು ಕಾಪಾಡಿತು. ಮಕ್ಕಳ ಹಾಜರಿಯ ವಿಷಯದಲ್ಲಿ ಕಟ್ಟುನಿಟ್ಟಾಗಿದ್ದ ನನ್ನಂಥವನಿಗೆ ಇದನ್ನು ಓದಿ ನಗುವುದೋ ಅಳುವುದೋ ತಿಳಿಯಲಿಲ್ಲ.

ಈಗ ಮೇಷ್ಟ್ರೊಬ್ಬರ ಪ್ರವೇಶ. ಜಾನ್ ಹೆನ್ರಿ ಅಬ್ರಹಾಂ ಎಂಬಾತ ಶೆಫೀಲ್ಡಿನಲ್ಲಿ ಶಾಲೆ ನಡೆಸುತ್ತಿದ್ದ ಉಪಾಧ್ಯಾಯ. ತನ್ನ ಊರಿನ ಸಾಣೆಗಾರರ ಕಷ್ಟ ನೋಡಿ, ಸಾಣೆಕಲ್ಲಿನ ಬಳಿಯೂ ಕೆಲಸಗಾರನ ಮುಖದ ಬಳಿಯೂ ಅಯಸ್ಕಾಂತಗಳನ್ನು ಇಟ್ಟು ಉಕ್ಕಿನ ಪುಡಿಯನ್ನು ಹಿಡಿಯುವ ಉಪಾಯ ಮಾಡಿದ. ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ 1820ರ ದಶಕದ ಆರಂಭದಲ್ಲಿ ಅವನಿಗೆ ಚಿನ್ನದ ಪದಕ ಕೊಟ್ಟಿತು. ವೃತ್ತಿಬಾಂಧವನೆಂಬ ಅಭಿಮಾನದಿಂದ ಹೇಳುತ್ತಿಲ್ಲ, ಆ ಕಾಲಕ್ಕೆ ಬುದ್ಧಿವಂತ ಯೋಚನೆಯೇ. ಆದರೆ ಅಯಸ್ಕಾಂತ ಉಕ್ಕನ್ನು ಹಿಡಿದೀತು, ಕಲ್ಲನ್ನು ಹಿಡಿದೀತೇ? ಎದೆಯನ್ನು ಕೊರೆಯುತ್ತಿದ್ದುದು ಮುಖ್ಯವಾಗಿ ಮರಳುಗಲ್ಲಿನ ಸಿಲಿಕಾ. ಅದು ಅಯಸ್ಕಾಂತದ ಪಕ್ಕದಲ್ಲೇ ಹಾದು ಮೂಗಿಗೆ ಹೋಗುತ್ತಿತ್ತು. ಕಣ್ಣಿಗೆ ಕಂಡ ಶತ್ರುವನ್ನು ಹಿಡಿದು, ಕಾಣದವನನ್ನು ಬಿಟ್ಟ ಹಾಗಾಯಿತು.

ಸಾಣೆಗಾರರೂ ಅದನ್ನು ಒಪ್ಪಲಿಲ್ಲ. ಧೂಳು ತಡೆಯುವ ಸಾಧನಗಳನ್ನು ಅವರಲ್ಲಿ ಕೆಲವರು ಒಡೆದು ಹಾಕಿದ್ದೂ ಉಂಟು. ಏಕೆ? ಕಸುಬು ಆರೋಗ್ಯಕರವಾದರೆ ಹೊಸಬರು ನುಗ್ಗುತ್ತಾರೆ, ಜನ ಹೆಚ್ಚಾದರೆ ಕೂಲಿ ಇಳಿಯುತ್ತದೆ. ಮೊದಲ ಸಲ ಓದಿದಾಗ ಇದೆಂಥ ಮೂರ್ಖತನವೆಂದುಕೊಂಡೆ. ಆಮೇಲೆ ಯೋಚಿಸಿದಾಗ ಲೆಕ್ಕ ಸರಿಯಾಗಿಯೇ ಇದೆ ಎನಿಸಿತು. ಅವರಿಗೆ ಸಿಗುತ್ತಿದ್ದ ಹೆಚ್ಚಿನ ಕೂಲಿ ಸಾವಿನ ಬೆಲೆಯಾಗಿತ್ತು, ಆ ಬೆಲೆಯನ್ನು ಬಿಟ್ಟರೆ ಅವರ ಕೈಯಲ್ಲಿ ಬೇರೇನೂ ಇರಲಿಲ್ಲ.

ಅಯಸ್ಕಾಂತ ಸೋತ ಕಡೆ ಗೆದ್ದದ್ದು ಫ್ಯಾನು. ಫ್ಯಾನು ಹೊಸದೇನಲ್ಲ. ಗಣಿಯೊಳಕ್ಕೆ ಗಾಳಿ ಹೊಡೆಯುವ ಕೈತಿರುವಿನ ಫ್ಯಾನುಗಳ ಚಿತ್ರಗಳು 1556ರಲ್ಲಿ ಅಚ್ಚಾದ ಅಗ್ರಿಕೋಲನ ಗಣಿಶಾಸ್ತ್ರದ ಪುಸ್ತಕದಲ್ಲಿಯೇ ಇವೆ. ಶೆಫೀಲ್ಡಿನಲ್ಲಿ ಮಾಡಿದ್ದು ಇಷ್ಟೇ: ಸಾಣೆಕಲ್ಲನ್ನು ಮರದ ಪೆಟ್ಟಿಗೆಯಿಂದ ಸಾಧ್ಯವಾದಷ್ಟೂ ಮುಚ್ಚಿ, ಪೆಟ್ಟಿಗೆಗೆ ಒಂದು ಕೊಳವೆ ಜೋಡಿಸಿ, ಕಲ್ಲನ್ನು ತಿರುಗಿಸುವ ಶಕ್ತಿಯಿಂದಲೇ ತಿರುಗುವ ಒಂದು ಫ್ಯಾನು ಇಟ್ಟು, ಧೂಳನ್ನು ಕಟ್ಟಡದಿಂದ ಹೊರಗೆ ತಳ್ಳುವುದು. ಜಾರ್ಜ್ ಕಾಲ್ವರ್ಟ್ ಹಾಲೆಂಡ್ ಎಂಬ ಇನ್ನೊಬ್ಬ ವೈದ್ಯ 1843ರಲ್ಲಿ ಸಾಣೆಗಾರರ ಶ್ವಾಸಕೋಶದ ರೋಗದ ಮೇಲೆ ಪುಸ್ತಕವನ್ನೇ ಬರೆದು, ಈ ಫ್ಯಾನಿನ ಪರವಾಗಿ ವಾದಿಸಿದ.

ಉಪಾಯ ಗೊತ್ತಾಯಿತು, ಖರ್ಚು ದೊಡ್ಡದಲ್ಲ. ಆದರೂ ಫ್ಯಾನು ಎಲ್ಲ ಕಡೆ ಬರಲಿಲ್ಲ. ಏಕೆಂದರೆ ಸಾಣೆಮನೆಯ ಒಡೆಯ ಕಟ್ಟಡವನ್ನೂ ಉಗಿಯ ಶಕ್ತಿಯನ್ನೂ ಬಾಡಿಗೆಗೆ ಕೊಡುವವನು ಮಾತ್ರ. ಸಾಣೆಗಾರ ತನ್ನ ಕಲ್ಲಿನ ಜಾಗಕ್ಕೆ ಬಾಡಿಗೆ ಕೊಡುವವನು. ಚಾಕು ಮಾರುವ ವ್ಯಾಪಾರಿ ಇಬ್ಬರಿಗೂ ಸೇರದವನು. ಫ್ಯಾನಿನ ದುಡ್ಡು ಕೊಡಬೇಕಾದವನು ಯಾರು? ಮೂವರೂ ಉಳಿದಿಬ್ಬರ ಕಡೆ ಕೈ ತೋರಿಸುತ್ತಿದ್ದರೆ ಧೂಳು ತನ್ನ ಕೆಲಸ ಮಾಡುತ್ತಲೇ ಇತ್ತು. ಕೊನೆಗೆ 1867ರ ಕಾರ್ಖಾನೆ ಕಾಯ್ದೆಯಲ್ಲಿ, ಚಕ್ರದ ಮೇಲೆ ಸಾಣೆ, ಪಾಲಿಶ್ ಮಾಡುವ ಕಡೆ ಧೂಳಿನಿಂದ ಹಾನಿಯಾಗುತ್ತಿದ್ದು, ಅದನ್ನು ಫ್ಯಾನಿನಿಂದ ತಡೆಯಬಹುದೆಂದು ತನಿಖಾಧಿಕಾರಿಗೆ ಕಂಡುಬಂದರೆ ಫ್ಯಾನು ಹಾಕಿಸಲೇಬೇಕು ಎಂದಾಯಿತು. 1878ರ ಕಾಯ್ದೆಯಲ್ಲೂ ಆ ಮಾತು ಉಳಿಯಿತು. ನೈಟ್ ಲೆಕ್ಕ ಬರೆದು ಮೂವತ್ತೇಳು ವರ್ಷಗಳಾಗಿದ್ದವು. ಫೋರ್ಕಿನವರ ಒಂದು ಇಡೀ ತಲೆಮಾರು. ಕಲ್ಲನ್ನೇ ಬದಲಿಸುವ ದಾರಿ ಇನ್ನೂ ತಡವಾಗಿ ತೆರೆಯಿತು. 1891ರಲ್ಲಿ ಅಮೆರಿಕದ ಅಚೆಸನ್ ಕಾರ್ಬೊರಂಡಮ್ ಎಂಬ ಕೃತಕ ಉಜ್ಜುಪದಾರ್ಥವನ್ನು ತಯಾರಿಸಿದ ನಂತರ ಮರಳುಗಲ್ಲು ನಿಧಾನವಾಗಿ ಹಿಂದೆ ಸರಿಯಿತು.

ಅಷ್ಟರಲ್ಲಿ ಸೀಮೆಎಣ್ಣೆ ತನ್ನ ಕೆಲಸ ಮಾಡಿತ್ತು, ಟಣ್ ಎಂದು ಚಕ್ರ ಕಳಚಿಬಂತು. ಹನ್ನೆರಡು ಇಂಚಿನ ಅಡ್ಡಳತೆ. "ಇದು ಹಳೆಯದಲ್ಲ ಸಾರ್, ಮೂರು ತಿಂಗಳ ಹಿಂದೆ ಮಾಡಿಸಿದ್ದು. ಇದೇ ಮೋಟಾರನ್ನು ತಿಂದದ್ದು" ಎಂದ ಶಿಷ್ಯ. ಮೊದಲಿದ್ದ ಚಕ್ರ ಹತ್ತು ಇಂಚಿನದು. ಒಂದು ದಿನ ಮರದ ತುಂಡೊಂದು ಕೊಳವೆಯೊಳಗೆ ಸಿಕ್ಕಿ ಅಲಗು ಬಾಗಿತು, ಚಕ್ರ ನಡುಗತೊಡಗಿತು. ಹೊಸದು ಮಾಡಿಸುವಾಗ, ಎರಡು ಇಂಚು ದೊಡ್ಡದಿರಲಿ, ಹೆಚ್ಚು ಎಳೆಯುತ್ತದೆ ಎಂದುಕೊಂಡ. ಮೋಟಾರು ಮಾತ್ರ ಅದೇ 2 ಅಶ್ವಶಕ್ತಿಯದು.

"ಹನ್ನೆರಡನ್ನು ಹತ್ತರಿಂದ ಭಾಗಿಸಿದರೆ ಒಂದು ಪಾಯಿಂಟ್ ಎರಡು. ಅದನ್ನು ಅದರಿಂದಲೇ ಐದು ಸಲ ಗುಣಿಸಬೇಕಂತೆ ಸಾರ್. ಸುಮಾರು ಎರಡೂವರೆ ಬರುತ್ತದೆ. ಎರಡೂವರೆ ಪಟ್ಟು ಶಕ್ತಿ ಬೇಕು. ಎರಡು ಇಂಚಿಗೆ ಇಷ್ಟು ಅಂತ ನನಗೆಲ್ಲಿ ಗೊತ್ತು?" ಇತಿಹಾಸದಲ್ಲಿ ಮೂವತ್ತೈದು ತೆಗೆದವನು ನನಗೆ ಗಣಿತ ಹೇಳಿಕೊಡುತ್ತಿದ್ದ. ವೇಗ ಹೆಚ್ಚಿಸಿದರೂ ಹೀಗೆಯೇ. ವೇಗ ಇಮ್ಮಡಿಯಾದರೆ ಗಾಳಿ ಇಮ್ಮಡಿ, ಆದರೆ ಶಕ್ತಿ ಎಂಟು ಪಟ್ಟು ಬೇಕಂತೆ.

ಮೋಟಾರು ಸುಡುವ ಮುಂಚೆ ಸ್ಟಾರ್ಟರಿನ ಓವರ್‌ಲೋಡ್ ರಿಲೇ ಮತ್ತೆ ಮತ್ತೆ ಬಿದ್ದು ಎಚ್ಚರಿಸಿತ್ತು. ಅದೂ ಚೀಲ ತುಂಬಿದ್ದಾಗ ಬೀಳುತ್ತಿರಲಿಲ್ಲ, ಚೀಲ ಝಾಡಿಸಿ ಖಾಲಿ ಮಾಡಿದ ದಿನವೇ ಬೀಳುತ್ತಿತ್ತು! ಇದು ರಿಲೇಯ ದೋಷವೇ ಇರಬೇಕೆಂದು ಯಾರೋ ಅದರ ತಿರುಪನ್ನು ಹೆಚ್ಚಿಗೆ ತಿರುಗಿಸಿಟ್ಟರು. ನಿಜವೆಂದರೆ ಇಂಥ ಫ್ಯಾನಿನ ದಾರಿ ಕಟ್ಟಿಕೊಂಡಿದ್ದಾಗ ಅದು ಕಡಿಮೆ ಗಾಳಿ ಎತ್ತುತ್ತದೆ, ಮೋಟಾರಿಗೆ ಹೊರೆಯೂ ಕಡಿಮೆ. ದಾರಿ ಸಲೀಸಾದಾಗಲೇ ಹೊರೆ ಹೆಚ್ಚು. ಹದಿನೈದು ದಿನದಲ್ಲಿ ಮೋಟಾರು ಹೊಗೆಯಾಯಿತು. ಈಗ 5 ಅಶ್ವಶಕ್ತಿಯ ಮೋಟಾರು, ಅದೇ ಅಳತೆಯ, ಸರಿಯಾಗಿ ತೂಕ ಹೊಂದಿಸಿದ ಹೊಸ ಚಕ್ರ. ಹಳೆಯ ಅಳತೆಗೇ ಮರಳಿದ್ದರೆ ಅಗ್ಗವಾಗುತ್ತಿತ್ತು, ಆದರೆ ಈಚೆಗೆ ಎರಡು ಯಂತ್ರ ಹೆಚ್ಚಾಗಿವೆಯಂತೆ.

ಇಂಥ ಫ್ಯಾನುಗಳು ಕಾರ್ಖಾನೆಯ ಸಾಮಾನ್ಯ ಸರಕಾಗಿದ್ದು ಅಮೆರಿಕದಲ್ಲಿ, ಬೆಂಜಮಿನ್ ಫ್ರಾಂಕ್ಲಿನ್ ಸ್ಟರ್ಟೆವೆಂಟ್ ಎಂಬಾತನಿಂದ. ಹೆಸರು ದೊಡ್ಡದು, ಬಡವರ ಮನೆಯ ಹುಡುಗ. 1833ರಲ್ಲಿ ಮೇಯ್ನ್ ಪ್ರಾಂತದಲ್ಲಿ ಹುಟ್ಟಿ, ಚಪ್ಪಲಿ ಹೊಲಿಯುವುದನ್ನು ಕಲಿತು, ಬೂಟಿನ ಅಟ್ಟೆಗೆ ಮರದ ಮೊಳೆ ಹೊಡೆಯುವ ಯಂತ್ರದ ಮಾದರಿ ಹೊತ್ತು ಬಾಸ್ಟನ್ನಿಗೆ ಬಂದವನು. ಬೂಟಿನ ಅಟ್ಟೆಯನ್ನು ಉಜ್ಜಿ ನಯಗೊಳಿಸುವ ಯಂತ್ರಗಳಿಂದ ಏಳುತ್ತಿದ್ದ ಧೂಳು ಅವನಿಗೆ ಸ್ವಂತ ಅನುಭವದ್ದು. 1860ರ ದಶಕದಲ್ಲಿ ಅದನ್ನು ಎಳೆದು ಹೊರಹಾಕುವ ಫ್ಯಾನು ಮಾಡಿ ಮಾರತೊಡಗಿದ. ಮುಂದೆ ಅವನ ಕಂಪನಿ ಫ್ಯಾನುಗಳಿಗೇ ಹೆಸರಾಯಿತು. ಶೆಫೀಲ್ಡಿನಲ್ಲಿ ವೈದ್ಯರೂ ಮೇಷ್ಟ್ರೂ ಮಾಡಲಾಗದ್ದನ್ನು ಧೂಳು ಕುಡಿದ ಒಬ್ಬ ಕಸುಬುದಾರ ಮಾಡಿದ ಎಂದು ನನಗೆ ತೋರುತ್ತದೆ.

ಎಳೆದ ಧೂಳನ್ನು ಎಲ್ಲಿ ಬಿಡುವುದು ಎಂಬುದು ಮುಂದಿನ ಪ್ರಶ್ನೆ. 1878ರ ಮೇ 2ರಂದು ಅಮೆರಿಕದ ಮಿನ್ನಿಯಾಪೊಲಿಸ್‌ನಲ್ಲಿ ವಾಶ್‌ಬರ್ನ್ ಹಿಟ್ಟಿನ ಗಿರಣಿ ತೇಲುವ ಹಿಟ್ಟಿನ ಧೂಳಿಗೆ ಕಿಡಿ ತಾಗಿ ಸಿಡಿದು 18 ಜನ ಸತ್ತರು. ಮರದ ಧೂಳೂ ಅಷ್ಟೇ ಅಪಾಯಕಾರಿ. 1880ರ ದಶಕದಲ್ಲಿ, ಗಾಳಿಯನ್ನು ಸುಳಿಯಾಗಿ ತಿರುಗಿಸಿ ಧೂಳನ್ನು ಕೆಳಗೆ ಬೀಳಿಸುವ ಸೈಕ್ಲೋನ್ ಅಮೆರಿಕದಲ್ಲಿಯೂ, ಬಟ್ಟೆಚೀಲದ ಸೋಸುಯಂತ್ರ ಜರ್ಮನಿಯಲ್ಲಿಯೂ ಬಂದವು.

ನಮ್ಮ ದೇಶದ 1948ರ ಕಾರ್ಖಾನೆಗಳ ಕಾಯ್ದೆಯ 14ನೆಯ ಕಲಂ, ಧೂಳು ಹೀರುವ ಸಾಧನವನ್ನು ಧೂಳು ಹುಟ್ಟುವ ಜಾಗಕ್ಕೆ ಸಾಧ್ಯವಾದಷ್ಟು ಹತ್ತಿರ ಇಡಬೇಕು, ಆ ಜಾಗವನ್ನು ಸಾಧ್ಯವಾದಷ್ಟು ಮುಚ್ಚಬೇಕು ಎಂದಿತ್ತು. ಶೆಫೀಲ್ಡಿನ ಮರದ ಪೆಟ್ಟಿಗೆಯೇ ಕಾನೂನಿನ ಭಾಷೆಯಲ್ಲಿ! ಆದರೆ ಆ ಕಾಯ್ದೆಯ ಪ್ರಕಾರ ವಿದ್ಯುತ್ ಬಳಸುವ ಕಡೆ ಸಾಮಾನ್ಯವಾಗಿ ಹತ್ತು ಜನ ಕೆಲಸಗಾರರಿದ್ದರೆ ಮಾತ್ರ ಅದು ಕಾರ್ಖಾನೆಯಾಗಿತ್ತು. ಆರು ಜನರ ಇವನ ಶೆಡ್ಡಿಗೆ ಯಾವ ತನಿಖಾಧಿಕಾರಿ ಬಂದಾನು? ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲಿ ಪ್ರಕಟಿಸಿತು. ಆಗ ಇವನ ತಂದೆ ಮುಖಕ್ಕೆ ಬಟ್ಟೆಯೂ ಇಲ್ಲದೆ ನಮ್ಮ ಶಾಲೆಯ ಜಗಲಿಯ ಮೇಲೆ ಬೆಂಚಿಗೆ ರಂದ ಹೊಡೆಯುತ್ತಿದ್ದರು.

ಅವರಿಗೆ ಸದಾ ಕೆಮ್ಮು. ಪಾಠಕ್ಕೆ ತೊಂದರೆಯಾಗುತ್ತದೆಂದು ಒಮ್ಮೆ ತರಗತಿಯಲ್ಲಿ ಎಲ್ಲರೆದುರು ನಾನು ಈ ಹುಡುಗನಿಗೆ, "ನಿಮ್ಮಪ್ಪನಿಗೆ ಬೀಡಿ ಬಿಡೋಕೆ ಹೇಳಯ್ಯ" ಎಂದಿದ್ದೆ. ಮಕ್ಕಳು ನಕ್ಕಿದ್ದರು. ಐವತ್ತು ದಾಟುವಷ್ಟರಲ್ಲಿ ಅವರು ಉಸಿರಾಡಲು ಕಷ್ಟಪಟ್ಟು ತೀರಿಕೊಂಡರು. ಅಂದು ವರ್ಕ್‌ಶಾಪಿನಲ್ಲಿ ಕುಡುಕ ಸಾಣೆಗಾರರ ಕಥೆ ಹೇಳಿ ನಾನು ನಕ್ಕಾಗ, ಅವನು ಬೋಲ್ಟು ಬಿಗಿಯುತ್ತ, ತಲೆ ಎತ್ತದೆ, "ಅಪ್ಪ ಬೀಡಿ ಸೇದುತ್ತಿರಲಿಲ್ಲ ಸಾರ್" ಎಂದ. ಅವನ ದನಿಯಲ್ಲಿ ಕೋಪವಿರಲಿಲ್ಲ. ನಾನು "ಗೊತ್ತಿರಲಿಲ್ಲ ಕಣಯ್ಯ, ತಪ್ಪಾಯಿತು" ಎಂದೆ. ಹೇಳಬೇಕಾದ ಮನುಷ್ಯ ಇರಲಿಲ್ಲ.

ಮಧ್ಯಾಹ್ನ ಎರಡರ ಹೊತ್ತಿಗೆ ಜೋಡಣೆ ಮುಗಿಯಿತು. ದಂಡಕ್ಕೆ ಕೀಲಿ ಕೂರಿಸಿ, ಚಕ್ರ ಹಾಕಿ, ಕೈಯಲ್ಲಿ ತಿರುಗಿಸಿ, ಎಲ್ಲಿಯೂ ತಾಗುತ್ತಿಲ್ಲವೆಂದು ನೋಡಿ, ಮುಚ್ಚಳ ಬಿಗಿದರು. ಎಲೆಕ್ಟ್ರಿಷಿಯನ್ ತಂತಿ ಕೊಟ್ಟ. ಗುಂಡಿ ಒತ್ತಿದರೆ ದೊಡ್ಡ ಸದ್ದು, ಚೀಲ ಉಬ್ಬಿತು, ಎಲ್ಲರ ಮುಖದಲ್ಲೂ ನಗು. ಆದರೆ ಗರಗಸದ ಬಾಯಿಗೆ ವೃತ್ತಪತ್ರಿಕೆಯ ಹಾಳೆ ಹಿಡಿದರೆ ಅದು ಸುಮ್ಮನೆ ಅಲುಗಾಡಿತು, ಅಂಟಿಕೊಳ್ಳಲಿಲ್ಲ. ಕೊಳವೆ ಬಿಚ್ಚಿ ನೋಡಿದರು, ಚೀಲ ಝಾಡಿಸಿದರು. ಐದು ಅಶ್ವಶಕ್ತಿಗೆ ಇಷ್ಟೇ ಎಳೆತವೇ?

ಕೊನೆಗೆ, ಮೋಟಾರು ಆರಿಸಿ ಚಕ್ರ ನಿಧಾನವಾಗುವಾಗ ಒಬ್ಬ ಮುದಿ ಆಚಾರಿ ಇಣುಕಿ ನೋಡಿ, "ಇದು ಉಲ್ಟಾ ಸುತ್ತುತ್ತಿದೆ" ಎಂದರು. ನನಗೆ ನಂಬಿಕೆ ಬರಲಿಲ್ಲ. ಉಲ್ಟಾ ತಿರುಗಿದರೆ ಎಳೆಯುವ ಬದಲು ಊದಬೇಕಲ್ಲವೇ? ಮನೆಯ ಸೀಲಿಂಗ್ ಫ್ಯಾನಿಗೆ ಆ ಮಾತು ಸರಿ. ಈ ಬಗೆಯ ಫ್ಯಾನು ಯಾವ ಕಡೆ ತಿರುಗಿದರೂ ಗಾಳಿಯನ್ನು ನಡುವಿನಿಂದ ಎಳೆದು ಅಂಚಿಗೆ ಎಸೆಯುತ್ತದೆ, ದಿಕ್ಕು ತಪ್ಪಿದರೆ ಎಳೆತ ಬಹಳ ಕುಗ್ಗುತ್ತದೆ, ಅಷ್ಟೇ. ಆದ್ದರಿಂದಲೇ ಎಷ್ಟೋ ಕಡೆ ಇದು ಯಾರಿಗೂ ತಿಳಿಯದೆ ಹಾಗೆಯೇ ಓಡುತ್ತಿರುತ್ತದಂತೆ. ಸದ್ದಿದೆ, ಚೀಲ ಉಬ್ಬುತ್ತದೆ, ಕರೆಂಟ್ ಬಿಲ್ಲೂ ಬರುತ್ತದೆ. ಮೂರು ಫೇಸಿನ ತಂತಿಗಳಲ್ಲಿ ಎರಡನ್ನು ಅದಲುಬದಲು ಮಾಡಿದರು. ಈ ಸಲ ಹಾಳೆ ಕೈಯಿಂದ ಕಿತ್ತುಕೊಂಡು ಹೋಗಿ ಬಾಯಿಗೆ ಚಪ್ಪಟೆಯಾಗಿ ಅಂಟಿತು.

ತಗಡಿನ ಮೇಲೆ ತಿರುಗುವ ದಿಕ್ಕಿನ ಬಾಣದ ಗುರುತು ಮೊದಲಿನಿಂದಲೂ ಇತ್ತು. ಹಿಂದೊಮ್ಮೆ ಬಣ್ಣ ಬಳಿದಾಗ ಮುಚ್ಚಿಹೋಗಿತ್ತು. ಶಿಷ್ಯ ಒಂದು ಡಬ್ಬಿ ಕೆಂಪು ಬಣ್ಣ, ಸಣ್ಣ ಕುಂಚ ತಂದು ನನ್ನ ಕೈಗೆ ಕೊಟ್ಟ. "ಬೋರ್ಡಿನ ಮೇಲೆ ನಿಮ್ಮ ಅಕ್ಷರ ಮುತ್ತಿನ ಹಾಗಿರುತ್ತಿತ್ತು ಸಾರ್, ನೀವೇ ಬರೆಯಿರಿ" ಎಂದ. ಬಾಣ ಎಳೆದು, ಕೆಳಗೆ 'ತಿರುಗುವ ದಿಕ್ಕು' ಎಂದು ಬರೆದೆ. ಕೈ ಸ್ವಲ್ಪ ನಡುಗಿ 'ಕ್ಕು' ಸೊಟ್ಟಗಾಯಿತು. ಅವನು ಅದನ್ನು ತಿದ್ದಲು ಬಿಡಲಿಲ್ಲ.